ನಾಟಿ ಅವರೆ ಮನೆಯೊಳಗೆ ಹೂ ಬಿಡದಿದ್ದಾಗ: ದೋಷ ಪತ್ತೆ ಮತ್ತು ನಿವಾರಣೆ

ಬಳ್ಳಿ ಚಾವಣಿ ಮುಟ್ಟಿದೆ, ಎಲೆಗಳು ಅಂಗೈಯಗಲ ಹರಡಿವೆ, ಹುಳುಹುಪ್ಪಟೆಯ ಸುಳಿವಿಲ್ಲ. ಆದರೆ ಬಿತ್ತಿ ನಾಲ್ಕು ತಿಂಗಳು ಕಳೆದರೂ ಒಂದು ಮೊಗ್ಗು ಕಾಣಿಸಿಲ್ಲ. ಮುಚ್ಚಿದ ಬಾಲ್ಕನಿಯಲ್ಲೋ ಎಲ್‌ಇಡಿ ದೀಪದ ಕೆಳಗೋ ಕುಂಡದಲ್ಲಿ ನಾಟಿ ಅವರೆ ಬೆಳೆಯುವವರು ಸಾಮಾನ್ಯವಾಗಿ ಹೇಳಿಕೊಳ್ಳುವ ತೊಂದರೆ ಇದು. ಹೆಚ್ಚಿನವರು ಇದಕ್ಕೆ ಗೊಬ್ಬರ ಸಾಲದೆಂದು ಗೊಬ್ಬರ ಹಾಕುತ್ತಾರೆ, ಇಲ್ಲವೇ ಬೆಳಕು ಸಾಲದೆಂದು ದೀಪವನ್ನು ಇನ್ನೂ ಎರಡು ಗಂಟೆ ಹೆಚ್ಚು ಉರಿಸುತ್ತಾರೆ. ಎರಡೂ ಕ್ರಮಗಳು ತೊಂದರೆಯನ್ನು ಹೆಚ್ಚಿಸುತ್ತವೆ. ನಾಟಿ ಅವರೆ ಹೂ ಬಿಡದಿದ್ದಾಗ ಮೊದಲು ಪರೀಕ್ಷಿಸಬೇಕಾದದ್ದು ಅದಕ್ಕೆ ಸಿಗುತ್ತಿರುವ ಹಗಲನ್ನಲ್ಲ, ರಾತ್ರಿಯನ್ನು.

ಇದು ದೋಷವೇ ಎಂಬುದನ್ನು ಮೊದಲು ತೀರ್ಮಾನಿಸಿ

ಅವರೆಯ ಹಳೆಯ ತಳಿಗಳು ನಿಧಾನವಾಗಿ ಹೂ ಬಿಡುವುದು ಅವುಗಳ ಸ್ವಭಾವ. ಹಳೆಯ ಮೈಸೂರು ಸೀಮೆಯಲ್ಲಿ ಮುಂಗಾರಿನ ರಾಗಿಯೊಂದಿಗೆ ಅಕ್ಕಡಿ ಸಾಲಿನಲ್ಲಿ ಅವರೆ ಬಿತ್ತುವ ರೈತನು ರಾಗಿ ಕೊಯ್ಲಾಗುವ ಹೊತ್ತಿಗೆ ಅವರೆ ಹೂವಿಗೆ ಬರಲಿ ಎಂದೇ ಅದನ್ನು ನಂಬುತ್ತಾನೆ. ಕಾಯಿ ಸಿಗುವುದು ಡಿಸೆಂಬರ್ ಮತ್ತು ಜನವರಿಯ ಚಳಿಯಲ್ಲಿ, ಸೊಗಡು ತುಂಬಿಕೊಂಡು. ಜುಲೈಯಲ್ಲಿ ಬಿತ್ತಿದ ಬೀಜ ಅಕ್ಟೋಬರ್ ಕೊನೆಯವರೆಗೂ ಬರೀ ಎಲೆ ಬಿಡುತ್ತಿದ್ದರೆ ಅದರಲ್ಲಿ ಆತಂಕಕ್ಕೆ ಕಾರಣವಿಲ್ಲ. ಫೆಬ್ರುವರಿಯಲ್ಲಿ ಬಿತ್ತಿದ ಬೀಜ ಬೇಸಿಗೆ ಮತ್ತು ಮಳೆಗಾಲವನ್ನು ಪೂರ್ತಿ ಎಲೆಯಲ್ಲೇ ಕಳೆದು, ಹಗಲು ಕಿರಿದಾದ ಮೇಲೆ ಮಾತ್ರ ಹೂ ಬಿಡುವುದೂ ಸಹಜವೇ.

ಬೀಜ ಯಾವುದು ಎಂಬ ಪ್ರಶ್ನೆಯೂ ಇಲ್ಲಿಯೇ ಇತ್ಯರ್ಥವಾಗಬೇಕು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯವು ಅಭಿವೃದ್ಧಿಪಡಿಸಿದ ಹೆಬ್ಬಾಳ ಅವರೆ-3 ಮತ್ತು ಹೆಬ್ಬಾಳ ಅವರೆ-4 ಗಿಡ್ಡ ತಳಿಗಳು. ಹಗಲಿನ ಉದ್ದ ಎಷ್ಟಿದ್ದರೂ ಅವು ವರ್ಷದ ಯಾವ ಕಾಲದಲ್ಲಾದರೂ ಹೂವಿಗೆ ಬರುತ್ತವೆ. ನಿಮ್ಮ ಕುಂಡದಲ್ಲಿರುವುದು ಈ ತಳಿಯಾಗಿದ್ದು ಹೂ ಬಂದಿಲ್ಲವೆಂದರೆ ರಾತ್ರಿಯ ಬೆಳಕಿನ ವಿಷಯವನ್ನು ಬಿಟ್ಟು ನೇರವಾಗಿ ಗೊಬ್ಬರ ಮತ್ತು ಹಗಲಿನ ಬೆಳಕಿನ ಭಾಗಗಳನ್ನು ಓದಬಹುದು. ಊರಿನಿಂದ ತಂದ, ಬಳ್ಳಿಯಾಗಿ ಹಬ್ಬುವ, ಚಳಿಗಾಲದಲ್ಲಿ ಮಾತ್ರ ಕಾಯಿ ಕೊಡುವ ಅವರೆಯಾದರೆ ಮುಂದಿನ ಎಲ್ಲವೂ ಅನ್ವಯಿಸುತ್ತದೆ.

ಮೊಗ್ಗು ಬಂದಿಲ್ಲವೋ, ಬಂದು ಉದುರಿತೋ

ಇವೆರಡೂ ಬೇರೆ ಬೇರೆ ದೋಷಗಳು. ಇವನ್ನು ಒಂದೆಂದು ಭಾವಿಸಿದರೆ ತಿಂಗಳುಗಟ್ಟಲೆ ಶ್ರಮ ವ್ಯರ್ಥವಾಗುತ್ತದೆ. ಭೂತಗನ್ನಡಿ ಹಿಡಿದು ಮೇಲಿನ ಎಂಟು ಹತ್ತು ಗೆಣ್ಣುಗಳಲ್ಲಿ ಎಲೆಯ ತೊಟ್ಟು ಕಾಂಡವನ್ನು ಸೇರುವ ಕಂಕುಳನ್ನು ನೋಡಿ. ಅಲ್ಲಿ ಚಪ್ಪಟೆಯಾದ, ಮೊನಚಾದ, ಮಡಿಚಿದ ಎಲೆಯಂತಿರುವ ಚಿಗುರು ಮಾತ್ರ ಇದ್ದರೆ ಬಳ್ಳಿ ಇನ್ನೂ ಹೂವಿನ ಕಡೆಗೆ ತಿರುಗಿಲ್ಲ. ನೆಟ್ಟಗೆ ಮೇಲಕ್ಕೆದ್ದ ತೆಳ್ಳನೆಯ ಕಡ್ಡಿಯಿದ್ದು, ಅದರ ಮೈಮೇಲೆ ಸಾಸಿವೆ ಕಾಳಿನ ಅರ್ಧದಷ್ಟು ಉಬ್ಬುಗಳೂ ಉಬ್ಬಿನ ತುದಿಯಲ್ಲಿ ಒಣಗಿದ ಗಾಯದ ಗುರುತುಗಳೂ ಇದ್ದರೆ, ಅಲ್ಲಿ ಮೊಗ್ಗು ಮೂಡಿತ್ತು, ನೀವು ಗಮನಿಸುವ ಮುನ್ನವೇ ಉದುರಿಹೋಯಿತು ಎಂದರ್ಥ. ಮೊದಲನೆಯದಕ್ಕೆ ಕಾರಣ ಹೆಚ್ಚಿನ ಸಲ ರಾತ್ರಿಯ ಬೆಳಕು. ಎರಡನೆಯದಕ್ಕೆ ಶಾಖ, ನೀರು ಅಥವಾ ಕೀಟ.

ರಾತ್ರಿಯ ಪರೀಕ್ಷೆ

ಕಾರಣ ತಿಳಿಯದೆ ಪರೀಕ್ಷೆ ಮಾಡಿದರೆ ಫಲಿತಾಂಶವನ್ನು ಓದಲು ಬರುವುದಿಲ್ಲವಾದ್ದರಿಂದ ಸ್ವಲ್ಪ ವಿವರಿಸುತ್ತೇನೆ. ಅಮೆರಿಕದ ಕೃಷಿ ಇಲಾಖೆಯಲ್ಲಿದ್ದ ಗಾರ್ನರ್ ಮತ್ತು ಅಲ್ಲಾರ್ಡ್ ಎಂಬ ಇಬ್ಬರು ವಿಜ್ಞಾನಿಗಳ ಮುಂದೆಯೂ ಇದೇ ತೊಂದರೆಯಿತ್ತು: ಬೇಸಿಗೆಯುದ್ದಕ್ಕೂ ಆಳೆತ್ತರ ಮೀರಿ ಬೆಳೆದರೂ ಹೊಲದಲ್ಲಿ ಹೂ ಬಿಡದ ಒಂದು ತಂಬಾಕಿನ ತಳಿ. ಅವರು ಆ ಗಿಡಗಳನ್ನು ಪ್ರತಿದಿನ ಸಂಜೆಗೂ ಮುನ್ನವೇ ಕತ್ತಲೆಯ ಕೊಠಡಿಗೆ ಸೇರಿಸಿ ಹಗಲನ್ನು ಕಿರಿದು ಮಾಡಿದರು. ನಡುಬೇಸಿಗೆಯಲ್ಲೇ ಗಿಡ ಹೂ ಬಿಟ್ಟಿತು. 1920ರಲ್ಲಿ ಪ್ರಕಟವಾದ ಈ ಶೋಧದ ನಂತರ, 1938ರಲ್ಲಿ ಹ್ಯಾಮ್ನರ್ ಮತ್ತು ಬಾನರ್ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಇಂಥ ಗಿಡಗಳು ಅಳೆಯುವುದು ಹಗಲಿನ ಉದ್ದವನ್ನಲ್ಲ, ಎಡೆಬಿಡದ ಕತ್ತಲೆಯ ಉದ್ದವನ್ನು ಎಂದು ತೋರಿಸಿದರು. ದೀರ್ಘ ಕತ್ತಲೆಯ ನಡುವೆ ಕೆಲವೇ ನಿಮಿಷ ಬೆಳಕು ಬಿದ್ದರೂ ಗಿಡದ ಲೆಕ್ಕ ತಪ್ಪಿಹೋಗುತ್ತದೆ. ಅದಕ್ಕೆ ಅದು ಒಂದು ಉದ್ದನೆಯ ರಾತ್ರಿಯಲ್ಲ, ಎರಡು ತುಂಡು ರಾತ್ರಿ. ಎಲೆಯಲ್ಲಿರುವ ಫೈಟೋಕ್ರೋಮ್ ಎಂಬ ವರ್ಣದ್ರವ್ಯ ಈ ಬೆಳಕನ್ನು ಗುರುತಿಸುತ್ತದೆ, ಅದರಲ್ಲೂ ಕೆಂಪು ಬೆಳಕನ್ನು ಚೆನ್ನಾಗಿ ಗುರುತಿಸುತ್ತದೆ. ನಾಟಿ ಅವರೆ ಈ ಗುಂಪಿಗೆ ಸೇರಿದ ಬೆಳೆ.

ಬೆಂಗಳೂರಿನ ಅಕ್ಷಾಂಶದಲ್ಲಿ ವರ್ಷದ ಅತಿ ಉದ್ದನೆಯ ಹಗಲು ಸುಮಾರು 12 ಗಂಟೆ 50 ನಿಮಿಷ, ಅತಿ ಕಿರಿಯ ಹಗಲು ಸುಮಾರು 11 ಗಂಟೆ 20 ನಿಮಿಷ. ಇಡೀ ವರ್ಷದಲ್ಲಿ ವ್ಯತ್ಯಾಸ ಒಂದೂವರೆ ಗಂಟೆ ಮಾತ್ರ. ಇಷ್ಟು ಸಣ್ಣ ವ್ಯತ್ಯಾಸವನ್ನು ಅಳೆದು ಹೂವಿನ ಕಾಲವನ್ನು ನಿರ್ಧರಿಸಬಲ್ಲ ಬಳ್ಳಿಗೆ ರಾತ್ರಿ ಹತ್ತರವರೆಗೆ ಉರಿಯುವ ಅಡುಗೆಮನೆಯ ಟ್ಯೂಬ್‌ಲೈಟ್ ಎಷ್ಟು ದೊಡ್ಡ ಸಂಗತಿಯಾಗಬಹುದು ಎಂಬುದನ್ನು ಯೋಚಿಸಿ.

ಈಗ ಪರೀಕ್ಷೆ. ರಾತ್ರಿ ಮನೆಯವರೆಲ್ಲ ಎಂದಿನಂತೆ ಓಡಾಡುತ್ತಿರುವ ಹೊತ್ತಿನಲ್ಲಿ, ಗಿಡದ ದೀಪ ಆರಿದ ಮೇಲೆ, ಕುಂಡದ ಪಕ್ಕದಲ್ಲಿ ಕುಳಿತು ಹದಿನೈದು ನಿಮಿಷ ಕಣ್ಣನ್ನು ಕತ್ತಲೆಗೆ ಹೊಂದಿಸಿಕೊಳ್ಳಿ. ಮೊಬೈಲ್ ನೋಡಬೇಡಿ, ನೋಡಿದರೆ ಮತ್ತೆ ಮೊದಲಿನಿಂದ ಹದಿನೈದು ನಿಮಿಷ ಕಾಯಬೇಕಾಗುತ್ತದೆ. ಬಳಿಕ ದಿನಪತ್ರಿಕೆಯೊಂದನ್ನು ಎಲೆಗಳ ಮಟ್ಟದಲ್ಲಿ, ಎಲೆಗಳು ಮುಖ ಮಾಡಿರುವ ದಿಕ್ಕಿಗೇ ಹಿಡಿಯಿರಿ. ದಪ್ಪ ತಲೆಬರಹವನ್ನು ಓದಲು ಸಾಧ್ಯವಾದರೆ ಅಲ್ಲಿನ ಬೆಳಕು ಹುಣ್ಣಿಮೆಯ ಬೆಳದಿಂಗಳಿನ ಆಸುಪಾಸಿನಲ್ಲಿದೆ, ಸಂಶಯಕ್ಕೆ ಎಡೆಯಿದೆ. ಸುದ್ದಿಯ ಸಣ್ಣ ಅಕ್ಷರಗಳೂ ಓದಲು ಬಂದರೆ ಇನ್ನು ಹುಡುಕಬೇಕಾಗಿಲ್ಲ, ದೋಷ ಸಿಕ್ಕಿದೆ. ಪತ್ರಿಕೆಯನ್ನು ಬಳ್ಳಿಯ ಬುಡ, ನಡು, ತುದಿ ಮೂರೂ ಕಡೆ ಹಿಡಿದು ನೋಡಬೇಕು, ಏಕೆಂದರೆ ಬಾಗಿಲಿನ ಸಂದಿಯಿಂದ ಬರುವ ಬೆಳಕಿನ ಗೆರೆ ಒಂದೇ ಮಟ್ಟದ ಎಲೆಗಳ ಮೇಲೆ ಬೀಳುತ್ತಿರಬಹುದು. ಕತ್ತಲೆಯನ್ನು ಅರಿಯುವುದು ಎಲೆಯೇ ಹೊರತು ಬಳ್ಳಿಯ ತುದಿಯಲ್ಲ. ಆದ್ದರಿಂದ ತುದಿಗೆ ಮಾತ್ರ ಚೀಲ ಮುಚ್ಚಿ ಮೊಗ್ಗಿಗಾಗಿ ಕಾಯುವುದರಿಂದ ಪ್ರಯೋಜನವಿಲ್ಲ.

ನಮ್ಮ ಮನೆಯ ಮೂರನೆಯ ಮಹಡಿಯ ಗಾಜು ಮುಚ್ಚಿದ ಬಾಲ್ಕನಿಯಲ್ಲಿ ನಾನು ಇದನ್ನು ಕಣ್ಣಾರೆ ಕಂಡೆ. ಬೀದಿಯ ಹಳದಿ ದೀಪವನ್ನು ತೆಗೆದು ಬಿಳಿ ಎಲ್‌ಇಡಿ ಹಾಕಿದ ವರ್ಷ, ಒಂದೇ ಬುಡದಿಂದ ಎರಡಾಗಿ ಕವಲೊಡೆದ ಬಳ್ಳಿಯ ಒಂದು ಕವಲು ಕಂಬದ ಹಿಂದಿನ ನೆರಳಿಗೆ ಹರಿದು ನವೆಂಬರಿನಲ್ಲಿ ನೇರಳೆ ಹೂಗೊಂಚಲುಗಳನ್ನು ಬಿಟ್ಟಿತು. ಬೀದಿಯ ಕಡೆಗೆ ಹರಿದ ಇನ್ನೊಂದು ಕವಲು ಸಂಕ್ರಾಂತಿ ಕಳೆದರೂ ದಟ್ಟ ಹಸಿರು ಎಲೆಗಳನ್ನೇ ಬಿಡುತ್ತಿತ್ತು. ಒಂದೇ ಮಣ್ಣು, ಒಂದೇ ನೀರು, ಒಂದೇ ಬೇರು. ಹೂವಿನ ಕವಲು ಎಲ್ಲಿ ಮುಗಿದು ಎಲೆಯ ಕವಲು ಎಲ್ಲಿ ಶುರುವಾಗುತ್ತದೆಯೋ ಅದು ಕಂಬದ ನೆರಳಿನ ಅಂಚಿಗೆ ಸರಿಯಾಗಿ ಹೊಂದುತ್ತಿತ್ತು. ಆ ಕಿಟಕಿಗೆ ಎರಡು ಪದರದ ಕಪ್ಪು ಬಟ್ಟೆ ಕಟ್ಟಿದ ಐದನೆಯ ವಾರ ಎರಡನೆಯ ಕವಲಿನಲ್ಲೂ ಹೂಕಡ್ಡಿ ಎದ್ದಿತು.

ನಿವಾರಣೆ ಸರಳ, ಆದರೆ ದಿನವೂ ಶಿಸ್ತಿನಿಂದ ಮಾಡಬೇಕು: ಹನ್ನೊಂದು ಗಂಟೆ ಬೆಳಕು, ಹದಿಮೂರು ಗಂಟೆ ಎಡೆಬಿಡದ ಕತ್ತಲೆ. ಒಂದು ಪದರದ ಕಪ್ಪು ಬಟ್ಟೆ ಸಾಮಾನ್ಯವಾಗಿ ಸಾಲದು. ಬಟ್ಟೆಯನ್ನು ದೀಪಕ್ಕೆ ಅಡ್ಡ ಹಿಡಿದಾಗ ಚುಕ್ಕೆ ಚುಕ್ಕೆಯಾಗಿ ಬೆಳಕು ತೂರಿದರೆ ಇನ್ನೊಂದು ಪದರ ಸೇರಿಸಿ. ರಾತ್ರಿ ನೀರು ಹಾಕಲು ಹೋಗುವವರು ಟಾರ್ಚ್ ಬಿಡುವ ಅಭ್ಯಾಸವನ್ನು ನಿಲ್ಲಿಸಬೇಕು. ಹಸಿರು ದೀಪ ನಿರಪಾಯ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಅದರ ಪರಿಣಾಮ ಕೆಂಪು ದೀಪಕ್ಕಿಂತ ಕಡಿಮೆ, ಇಲ್ಲವೇ ಇಲ್ಲ ಎಂದಲ್ಲ.

ಟೈಮರನ್ನು ನಂಬುವ ಮುನ್ನ

ಗಡಿಯಾರದಂತೆ ತಿರುಗುವ ಚಕ್ರವಿರುವ ಅಗ್ಗದ ಟೈಮರ್‌ಗಳಲ್ಲಿ ಬ್ಯಾಟರಿ ಇರುವುದಿಲ್ಲ. ಕರೆಂಟು ಹೋದಾಗ ಚಕ್ರವೂ ನಿಲ್ಲುತ್ತದೆ, ಬಂದಾಗ ನಿಂತಲ್ಲಿಂದಲೇ ಮುಂದುವರಿಯುತ್ತದೆ. ದಿನಕ್ಕೆ ಒಂದು ಗಂಟೆ ಕರೆಂಟು ಹೋಗುವ ಊರಿನಲ್ಲಿ ವಾರ ಕಳೆಯುವಷ್ಟರಲ್ಲಿ ಟೈಮರ್ ಏಳು ಗಂಟೆ ಹಿಂದೆ ಬೀಳುತ್ತದೆ: ಬೆಳಗ್ಗೆ ಏಳಕ್ಕೆ ಹತ್ತಬೇಕಾದ ದೀಪ ಮಧ್ಯಾಹ್ನ ಎರಡಕ್ಕೆ ಹತ್ತಿ ನಡುರಾತ್ರಿ ಒಂದಕ್ಕೆ ಆರುತ್ತದೆ. ಕಿಟಕಿಯಿಂದ ಬರುವ ಬೆಳಗಿನ ಬಿಸಿಲೂ ಸೇರಿದರೆ ಬಳ್ಳಿಗೆ ಸಿಗುವ ಕತ್ತಲೆ ಐದಾರು ಗಂಟೆಗಿಂತ ಹೆಚ್ಚಿರುವುದಿಲ್ಲ. ಟೈಮರಿನ ಮೇಲೆ ಹನ್ನೊಂದು ಗಂಟೆ ಎಂದೇ ಗುರುತು ಇರುವುದರಿಂದ ಯಾರಿಗೂ ಅನುಮಾನ ಬರುವುದಿಲ್ಲ. ಕೈಗಡಿಯಾರದ ಹೊತ್ತಿಗೂ ಟೈಮರಿನ ಮುಳ್ಳಿಗೂ ಹೊಂದುತ್ತದೆಯೇ ಎಂದು ವಾರಕ್ಕೆರಡು ಸಲ ನೋಡಿ. ಸಾಧ್ಯವಿದ್ದರೆ ಒಳಗೆ ಬ್ಯಾಟರಿಯಿರುವ ಡಿಜಿಟಲ್ ಟೈಮರ್ ಕೊಳ್ಳಿ.

ಸಂಶಯ ಉಳಿದರೆ ಪೆಟ್ಟಿಗೆಯ ಪರೀಕ್ಷೆ

ಮೇಲಿನ ಎಲ್ಲ ನೋಡಿದ ಮೇಲೂ ಬೆಳಕೇ ಕಾರಣವೋ ಅಲ್ಲವೋ ಎಂಬ ಗೊಂದಲ ಉಳಿದರೆ, ಅದನ್ನು ಖಚಿತವಾಗಿ ಬಗೆಹರಿಸುವ ಪರೀಕ್ಷೆ ಒಂದಿದೆ. ಒಂದೇ ಬೀಜದ, ಒಂದೇ ವಯಸ್ಸಿನ ಎರಡು ಕುಂಡಗಳನ್ನು ಆರಿಸಿ, ಬಳ್ಳಿಗಳನ್ನು ಮೊಣಕಾಲೆತ್ತರಕ್ಕೆ ಚಿವುಟಿ. ತೀರಾ ಎಳೆಯ ಸಸಿ ಬೇಡ; ಏಳೆಂಟು ಮೂರೆಲೆಯ ಎಲೆಗಳಾದರೂ ಬಲಿತಿರಲಿ. ಒಂದನ್ನು ಇದ್ದಲ್ಲಿಯೇ ಬಿಡಿ. ಇನ್ನೊಂದಕ್ಕೆ ಪ್ರತಿದಿನ ಸಂಜೆ ಏಳರಿಂದ ಮರುದಿನ ಬೆಳಗ್ಗೆ ಎಂಟರವರೆಗೆ ಫ್ರಿಜ್ ಬರುವ ದೊಡ್ಡ ರಟ್ಟಿನ ಪೆಟ್ಟಿಗೆಯನ್ನು ಬೋರಲು ಹಾಕಿ, ಮೇಲೆ ದಪ್ಪ ಕಂಬಳಿ ಹೊದಿಸಿ. ಉಳಿದ ಹೊತ್ತು ಎರಡೂ ಒಂದೇ ದೀಪದ ಕೆಳಗಿರಲಿ. ಐದು ವಾರ ಒಂದು ದಿನವೂ ತಪ್ಪದೆ ಹೀಗೆ ಮಾಡಿ. ಮುಚ್ಚಿದ ಕುಂಡ ಮಾತ್ರ ಹೂಕಡ್ಡಿ ಬಿಟ್ಟರೆ ನಿಮ್ಮ ಕೋಣೆಯಲ್ಲಿ ಬೆಳಕು ಸೋರುತ್ತಿದೆ. ಎರಡೂ ಬಿಡದಿದ್ದರೆ ಕಾರಣ ಬೇರೆಡೆಯಿದೆ. ಎರಡೂ ಬಿಟ್ಟರೆ ಚಿವುಟಿದ್ದರಿಂದಲೋ ಕಾಲ ಬಂದಿದ್ದರಿಂದಲೋ ಬಳ್ಳಿ ತಾನಾಗಿಯೇ ತಿರುಗಿದೆ, ನಿಮ್ಮ ಕೋಣೆ ಸರಿಯಾಗಿಯೇ ಇದೆ.

ಹಗಲಿನ ಬೆಳಕು ಸಾಲದಿದ್ದರೆ

ಇದರ ಲಕ್ಷಣ ಬೇರೆ. ಗೆಣ್ಣಿನಿಂದ ಗೆಣ್ಣಿಗೆ ಅಂತರ ಗೇಣಿನಷ್ಟಾಗುತ್ತದೆ, ಕಾಂಡ ಸಣಕಲಾಗಿ ತನ್ನ ಭಾರವನ್ನೇ ತಡೆಯದೆ ಬಾಗುತ್ತದೆ, ಎಲೆ ತಿಳಿಹಸಿರಾಗಿ ತೆಳುವಾಗುತ್ತದೆ. ರಾತ್ರಿಯ ಬೆಳಕಿನಿಂದ ಹೂ ನಿಂತ ಬಳ್ಳಿ ಹೀಗೆ ಕಾಣುವುದಿಲ್ಲ. ಅದು ಆರೋಗ್ಯದಿಂದ ತುಂಬಿ ತುಳುಕುತ್ತಿರುತ್ತದೆ. ಕೋಣೆಯ ಟ್ಯೂಬ್‌ಲೈಟಿನಲ್ಲಿ ಸಿಗುವ ಎರಡು ಮೂರು ನೂರು ಲಕ್ಸ್ ಬೆಳಕಿನಲ್ಲಿ ಅವರೆ ಜೀವ ಹಿಡಿದಿರುತ್ತದೆಯಷ್ಟೇ. ಬಯಲಿನ ಬಿಸಿಲು ಲಕ್ಷ ಲಕ್ಸ್ ಮುಟ್ಟುತ್ತದೆ ಎಂಬುದನ್ನು ನೆನಪಿಡಿ. ಎಲೆಯ ಮಟ್ಟದಲ್ಲಿ ಹನ್ನೊಂದು ಗಂಟೆಯುದ್ದಕ್ಕೂ ಕನಿಷ್ಠ 20,000 ಲಕ್ಸ್ ಇರುವಂತೆ ದೀಪವನ್ನು ಹತ್ತಿರ ತನ್ನಿ. ಮೊಬೈಲಿನ ಲಕ್ಸ್ ಮಾಪಕ ಅಂದಾಜಿಗೆ ಸಾಕು. ಬೆಳಕನ್ನು ಹೆಚ್ಚಿಸಬೇಕಾದರೆ ಅದರ ತೀವ್ರತೆಯನ್ನು ಹೆಚ್ಚಿಸಬೇಕು, ಗಂಟೆಗಳನ್ನಲ್ಲ.

ಗೊಬ್ಬರದ ಅತಿ

ಅವರೆ ದ್ವಿದಳ ಬೆಳೆ. ಬೇರಿನ ಗಂಟುಗಳಲ್ಲಿರುವ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಅದಕ್ಕೆ ಒದಗಿಸುತ್ತವೆ. ಯೂರಿಯಾ ಕರಗಿಸಿದ ನೀರನ್ನೋ ಹಸಿ ಸಗಣಿಯ ಬಗ್ಗಡವನ್ನೋ ಪದೇ ಪದೇ ಹಾಕಿದರೆ ಬಳ್ಳಿ ಎಲೆಗೆ ತಿರುಗಿ ಹೂವನ್ನು ಮುಂದೂಡುತ್ತದೆ. ಹೊರನೋಟಕ್ಕೆ ಇದು ರಾತ್ರಿಯ ಬೆಳಕಿನ ದೋಷದಂತೆಯೇ ಕಾಣುವುದರಿಂದ ಬೇರನ್ನು ನೋಡದೆ ತೀರ್ಮಾನಿಸಬಾರದು. ಕುಂಡದ ಅಂಚಿನಲ್ಲಿ ಬೆರಳಾಳ ಮಣ್ಣು ಸರಿಸಿ ಒಂದೆರಡು ಸಣ್ಣ ಬೇರುಗಳನ್ನು ಎತ್ತಿ, ಗಂಟೊಂದನ್ನು ಉಗುರಿನಿಂದ ಸೀಳಿ ನೋಡಿ. ಒಳಗೆ ನಸುಗೆಂಪು ಬಣ್ಣವಿದ್ದರೆ ಗಂಟು ಕೆಲಸ ಮಾಡುತ್ತಿದೆ, ಗೊಬ್ಬರದ ಮೇಲಿನ ಸಂಶಯ ಕಡಿಮೆಯಾಗುತ್ತದೆ. ಗಂಟುಗಳೇ ಇಲ್ಲದಿದ್ದರೆ ಅಥವಾ ಇದ್ದೂ ಒಳಗೆ ಬೆಳ್ಳಗೋ ಹಸಿರಾಗಿಯೋ ಇದ್ದರೆ ಸಾರಜನಕ ಅತಿಯಾಗಿರಬಹುದು, ಇಲ್ಲವೇ ಬರೀ ತೆಂಗಿನ ನಾರಿನ ಪುಡಿಯಲ್ಲಿ ಬೆಳೆದ ಗಿಡಕ್ಕೆ ಆ ಬ್ಯಾಕ್ಟೀರಿಯಾ ಸಿಕ್ಕೇ ಇರಲಿಕ್ಕಿಲ್ಲ. ಎರಡನ್ನೂ ಬೇರ್ಪಡಿಸುವುದು ಎಲೆಯ ಬಣ್ಣ: ಗಂಟಿಲ್ಲದೆ ಎಲೆ ಕಡುಹಸಿರಾಗಿದ್ದರೆ ಗೊಬ್ಬರ ಅತಿಯಾಗಿದೆ, ಕೆಳಗಿನ ಎಲೆಗಳು ಹಳದಿಯಾಗುತ್ತಿದ್ದರೆ ಬ್ಯಾಕ್ಟೀರಿಯಾ ಇಲ್ಲ. ಮೊದಲನೆಯದಕ್ಕೆ ಗೊಬ್ಬರ ನಿಲ್ಲಿಸಿ. ಎರಡನೆಯದಕ್ಕೆ ಅವರೆಯೋ ಅಲಸಂದೆಯೋ ಚೆನ್ನಾಗಿ ಬೆಳೆದ ಹೊಲದ ಒಂದು ಹಿಡಿ ಮಣ್ಣನ್ನು ಬುಡಕ್ಕೆ ಬೆರೆಸಿ.

ಮುಚ್ಚಿದ ಬಟ್ಟೆಯೊಳಗಿನ ಶಾಖ, ಉದುರುವ ಮೊಗ್ಗು

ಕತ್ತಲೆ ಸರಿಯಾಗಿದ್ದೂ ಮೊಗ್ಗು ತಡವಾದರೆ ಬಟ್ಟೆಯೊಳಗೆ ಉಷ್ಣಮಾಪಕ ಇಡಿ. ಇಳಿಬಿಸಿಲಿನಲ್ಲೇ ಕಪ್ಪು ಬಟ್ಟೆ ಎಳೆದರೆ ಒಳಗೆ ಶಾಖ ಸಿಕ್ಕಿಕೊಂಡು ಮೊಗ್ಗು ನಿಧಾನವಾಗುತ್ತದೆ. ಪಾಲಿಹೌಸಿನಲ್ಲಿ ಸೇವಂತಿಗೆಯನ್ನು ಕತ್ತಲು ಮಾಡಿ ಅರಳಿಸುವ ಬೆಳೆಗಾರರಿಗೆ ಇದು ಚಿರಪರಿಚಿತ ತೊಂದರೆ. ಸಂಜೆ ಬೇಗ ಮುಚ್ಚಿ ಬೆಳಗ್ಗೆ ಬೇಗ ತೆಗೆಯುವ ಬದಲು ಸಂಜೆ ತಡವಾಗಿ ಮುಚ್ಚಿ ಬೆಳಗ್ಗೆ ತಡವಾಗಿ ತೆಗೆಯಿರಿ. ಗಂಟೆಗಳ ಲೆಕ್ಕ ಅಷ್ಟೇ ಇರುತ್ತದೆ, ತಂಪಿನ ಹೊತ್ತು ಹೆಚ್ಚು ಸಿಗುತ್ತದೆ.

ಮೂಡಿದ ಮೊಗ್ಗು ಉದುರುತ್ತಿದ್ದರೆ ನೀರಿನ ಏರುಪೇರನ್ನು ಮೊದಲು ನೋಡಿ. ಹತ್ತು ಲೀಟರಿಗಿಂತ ಸಣ್ಣ ಕುಂಡದಲ್ಲಿ ಚಾವಣಿಯೆತ್ತರದ ಬಳ್ಳಿಯಿದ್ದರೆ ಬೇರು ಸುತ್ತಿಕೊಂಡಿರುತ್ತದೆ, ಬೆಳಗ್ಗೆ ಹಾಕಿದ ನೀರು ಮಧ್ಯಾಹ್ನಕ್ಕೆ ಮುಗಿದಿರುತ್ತದೆ. ಒಂದು ಮಧ್ಯಾಹ್ನ ಎಲೆ ಜೋತುಬಿದ್ದರೂ ಅದರ ಪರಿಣಾಮ ಎರಡು ಮೂರು ದಿನಗಳ ನಂತರ ನೆಲದ ಮೇಲೆ ಉದುರಿದ ಮೊಗ್ಗಾಗಿ ಕಾಣುತ್ತದೆ. ಹೂಕಡ್ಡಿಯ ತುದಿಯಲ್ಲಿ ಕಪ್ಪು ಹೇನುಗಳು ಮುತ್ತಿದ್ದರೆ ನೀರಿನ ಧಾರೆಯಿಂದ ತೊಳೆದು, ಬೇವಿನ ಎಣ್ಣೆಯನ್ನು ಸಾಬೂನಿನ ನೀರಿನೊಂದಿಗೆ ಕಲಸಿ ದೀಪ ಆರುವ ಹೊತ್ತಿಗೆ ಸಿಂಪಡಿಸಿ. ಒಣಗಾಳಿಯ ಕೋಣೆಯಲ್ಲಿ ಎಲೆಯ ಕೆಳಗೆ ಕೆಂಪು ನುಸಿ ಬರುತ್ತದೆ. ಎಲೆಯ ಮೇಲೆ ಪುಡಿ ಚೆಲ್ಲಿದಂಥ ಬಿಳಿ ಚುಕ್ಕೆಗಳು ಅದರ ಗುರುತು. ಹೂ ಅರಳಿಯೂ ಕಾಯಿ ಕಚ್ಚದಿದ್ದರೆ ದುಂಬಿಯಿಲ್ಲದ್ದೇ ಕಾರಣವೆಂದು ಎಲ್ಲರೂ ಹೇಳುತ್ತಾರೆ. ಅವರೆ ಬಹುಮಟ್ಟಿಗೆ ತನ್ನದೇ ಪರಾಗದಿಂದ ಕಾಯಿ ಕಚ್ಚುವ ಬೆಳೆ. ಬೆಳಗಿನ ಹೊತ್ತು ಹೂವಿನ ಕೆಳಗಿನ ದೋಣಿಯಾಕಾರದ ದಳವನ್ನು ಬೆರಳಿನಿಂದ ಮೆಲ್ಲನೆ ಒತ್ತಿಬಿಟ್ಟರೆ ಸಾಕು.

ಹೊರದೇಶದಲ್ಲಿ ಬೆಳೆಯುವವರಿಗೆ

ನ್ಯೂಜೆರ್ಸಿಯಂಥ ಕಡೆ ಹಿತ್ತಲಿನಲ್ಲಿ ಅವರೆ ಬಿತ್ತುವ ಕನ್ನಡಿಗರ ಕಷ್ಟ ಇನ್ನೂ ತೀವ್ರ. ಅಲ್ಲಿ ಜೂನಿನಲ್ಲಿ ಹಗಲು ಹದಿನೈದು ಗಂಟೆ. ಸೆಪ್ಟೆಂಬರ್ ಕೊನೆಗೆ ಹಗಲು ಹನ್ನೆರಡು ಗಂಟೆಗೆ ಇಳಿಯುವವರೆಗೂ ನಾಟಿ ಬಳ್ಳಿ ಬೇಲಿಯುದ್ದಕ್ಕೂ ಎಲೆಯನ್ನೇ ಹಬ್ಬಿಸುತ್ತದೆ. ಮೊಗ್ಗು ಮೂಡುವ ಹೊತ್ತಿಗೆ ಅಕ್ಟೋಬರಿನ ಹಿಮ ಬಿದ್ದು ಬಳ್ಳಿ ಒಂದೇ ರಾತ್ರಿಯಲ್ಲಿ ಕರಕಲಾಗುತ್ತದೆ. ಇಲ್ಲಿ ಬೀಜವೂ ಸರಿಯಿದೆ, ಬೆಳೆಯುವವರ ಶ್ರದ್ಧೆಯೂ ಸರಿಯಿದೆ, ಅಕ್ಷಾಂಶ ಮಾತ್ರ ಬೇರೆ. ನೆಲದಲ್ಲಿ ಬಿತ್ತದೆ ದೊಡ್ಡ ಕುಂಡದಲ್ಲಿ ಬಿತ್ತಿ, ಬಳ್ಳಿಯನ್ನು ಚಿವುಟಿ ಪೊದೆಯಾಗಿಸಿ, ಜುಲೈ ಕೊನೆಯಿಂದ ದಿನವೂ ರಾತ್ರಿ ಎಂಟಕ್ಕೆ ಕಿಟಕಿಯಿಲ್ಲದ ಗ್ಯಾರೇಜಿಗೆ ತಳ್ಳಿ ಬೆಳಗ್ಗೆ ಒಂಬತ್ತಕ್ಕೆ ಹೊರಗಿಡಿ. ಗ್ಯಾರೇಜಿನ ಬಾಗಿಲು ತೆರೆದಾಗ ತಾನಾಗಿ ಹತ್ತುವ ದೀಪದ ಬಲ್ಬನ್ನು ಮೊದಲು ಬಿಚ್ಚಿಡಬೇಕು. ಸೆಪ್ಟೆಂಬರಿನಲ್ಲಿ ಹೂ ಬಂದರೆ ಹಿಮಕ್ಕೆ ಮುನ್ನ ಎಳೆಕಾಯಿಯಾದರೂ ಸಿಗುತ್ತದೆ. ಹಿತಕಿದ ಬೇಳೆ ಮಾಡುವಷ್ಟು ಕಾಳು ಬಲಿಯಬೇಕಾದರೆ ಕುಂಡವನ್ನು ಒಳಗೆ ತಂದು ದೀಪದ ಕೆಳಗೆ ಇನ್ನೊಂದು ತಿಂಗಳು ಉಳಿಸಿಕೊಳ್ಳಬೇಕು.

ಮೊಗ್ಗು ಕಂಡ ಮೇಲೆ

ಮೊದಲ ಹೂಕಡ್ಡಿ ಕಂಡ ಸಂತೋಷದಲ್ಲಿ ಬಟ್ಟೆ ತೆಗೆದುಬಿಡಬೇಡಿ. ಕತ್ತಲೆಯ ಕ್ರಮ ಅರ್ಧಕ್ಕೆ ನಿಂತರೆ ಬಳ್ಳಿ ಮತ್ತೆ ಎಲೆಗೆ ಹೊರಳುವುದುಂಟು; ಕಡ್ಡಿಯ ತುದಿಯ ಮೊಗ್ಗುಗಳು ನಿಂತುಹೋಗಿ ಕಂಕುಳಿನಿಂದ ಹೊಸ ಚಿಗುರು ಏಳುತ್ತದೆ. ಕೆಳಗಿನ ಗೊಂಚಲುಗಳಲ್ಲಿ ಕಾಯಿ ಕಿರುಬೆರಳುದ್ದ ಆಗುವವರೆಗೆ ಹದಿಮೂರು ಗಂಟೆಯ ಕತ್ತಲೆಯನ್ನು ಮುಂದುವರಿಸಿ.

ನಾಟಿ ಬೀಜ ಏಕರೂಪವಲ್ಲವಾದ್ದರಿಂದ ಒಂದೇ ಚೀಲದ ಬೀಜದಿಂದ ಬಂದ ಗಿಡಗಳಲ್ಲಿ ಕೆಲವು ಎರಡು ಮೂರು ವಾರ ಮುಂಚೆ, ಕೆಲವು ಅಷ್ಟೇ ತಡವಾಗಿ ಹೂ ಬಿಡುತ್ತವೆ. ತಡವಾದ ಗಿಡವನ್ನು ದೋಷಪೂರಿತವೆಂದು ಕಿತ್ತುಹಾಕಬೇಡಿ, ಬೇಗ ಬಂದದ್ದರ ಬೀಜವನ್ನಷ್ಟೇ ಎತ್ತಿಡಬೇಡಿ. ಹಾಗೆ ಮಾಡುತ್ತಾ ಹೋದರೆ ಕೆಲವೇ ವರ್ಷಗಳಲ್ಲಿ ನಿಮ್ಮ ಕೈಯಲ್ಲಿ ಉಳಿಯುವುದು ಊರಿನಿಂದ ತಂದ ಆ ಅವರೆಯಾಗಿರುವುದಿಲ್ಲ. ಪ್ರತಿ ಗಿಡದಿಂದಲೂ ಒಂದಿಷ್ಟು ಕಾಯಿಯನ್ನು ಬಳ್ಳಿಯಲ್ಲೇ ಒಣಗಲು ಬಿಟ್ಟು, ಸಿಪ್ಪೆ ಗಲಗಲ ಎನ್ನುವಾಗ ಕಿತ್ತು, ಬೀಜಗಳನ್ನು ಒಟ್ಟಿಗೆ ಬೆರೆಸಿ ಬೂದಿಯಲ್ಲಿ ಹೊರಳಿಸಿ, ಬಿಗಿ ಮುಚ್ಚಳದ ಡಬ್ಬಿಯಲ್ಲಿ ಹಾಕಿ, ಮೇಲೆ ಬಿತ್ತಿದ ತಾರೀಖನ್ನೂ ಮೊದಲ ಮೊಗ್ಗು ಕಂಡ ತಾರೀಖನ್ನೂ ಬರೆದಿಡಿ. ಮುಂದಿನ ವರ್ಷ ಹೂ ತಡವಾದಾಗ ಮೊದಲು ನೋಡಬೇಕಾದದ್ದು ಆ ಎರಡು ತಾರೀಖುಗಳನ್ನು.